ಟವಲ್ಲಿನ ಕೆಳಗೆ ಒಂದು ಟೇಕು

ಚಿಂತಾಮಣಿಯ ದನದ ಸಂತೆಯಲ್ಲಿ ನಲವತ್ತು ವರ್ಷ ದಲ್ಲಾಳಿಯಾಗಿ ಮೆರೆದವರು, ಹಾಯುವ ಹೋರಿಯ ಮುಂದೆಯೂ ಹೆಗಲ ಮೇಲಿನ ಟವಲು ಜಾರಗೊಡದವರು, ಎಂಥೆಂಥ ಘಟಾನುಘಟಿಗಳನ್ನೂ ಮಾತಿನಲ್ಲಿ ಮಣಿಸಿದವರು ಚೆನ್ನರಾಯಪ್ಪ. ಅಂಥವರು ಮುಪ್ಪಿನಲ್ಲಿ ಒಂದು ಪುಟಗೋಸಿ ಇಂಗ್ಲಿಷ್ ಪದದ ಮುಂದೆ ಮಣ್ಣು ಮುಕ್ಕಿದರು. ಆ ಶತ್ರುವಿನ ಹೆಸರು ಟೇಕ್.

ಮಂಡಿನೋವು ಬಂದು ವ್ಯಾಪಾರ ಬಿಟ್ಟ ಮೇಲೆ ಅವರ ಪಾಲಿಗೆ ದಿನವೆಂದರೆ ಸಂಜೆಯ ಒಂದು ಗಂಟೆ ಮಾತ್ರ. ಮೂರನೇ ಕ್ಲಾಸಿನ ಮೊಮ್ಮಗಳು ಚೈತನ್ಯ ಶಾಲೆಯಿಂದ ಬಂದು, ಹಾಲು ಕುಡಿದು, ಜಗಲಿಯ ಮೇಲೆ ತಾತನ ಪಕ್ಕ ಪುಸ್ತಕ ಹರಡಿಕೊಳ್ಳುವ ಗಂಟೆ. ಮಿಕ್ಕ ಹೊತ್ತೆಲ್ಲ ಅವರಿಗೆ ಆ ಗಂಟೆಯನ್ನು ಕಾಯುವುದೇ ಕೆಲಸ. ಮಗ್ಗಿಯನ್ನು ಗೊತ್ತಿದ್ದು ಹೇಳಿಕೊಡುತ್ತಿದ್ದರು, ಇಂಗ್ಲಿಷನ್ನು ಧೈರ್ಯದಿಂದ ಹೇಳಿಕೊಡುತ್ತಿದ್ದರು.

"ಟೇಕ್ ಅಂದ್ರೆ ತಗೋ ಕಣಮ್ಮ. ಮುಗೀತು."

ಒಂದು ಮಾತಿಗೆ ಒಂದೇ ಬೆಲೆ ಎಂಬುದು ಅವರ ಧರ್ಮ. ಆ ಧರ್ಮವನ್ನು ನಂಬಿ ಚೈತನ್ಯ ಟೆಸ್ಟು ಬರೆದಳು. ಇಂಗ್ಲಿಷ್ ವಾಕ್ಯಗಳಿಗೆ ಕನ್ನಡದ ಅರ್ಥ ಬರೆಯಬೇಕಿತ್ತು. ಅವಳ ಉತ್ತರದಲ್ಲಿ ಅಪ್ಪ ದಿನಾ ಬೆಳಿಗ್ಗೆ ಒಂದೊಂದು ಬಸ್ಸು ತಗೊಂಡರು. ಮನೆಗೆ ಬಂದ ನೆಂಟರು ಕೂರುವ ಬದಲು ಕುರ್ಚಿಯನ್ನೇ ತಗೊಂಡು ಹೊರಟುಹೋದರು. ಉತ್ತರಪತ್ರಿಕೆಯ ತುಂಬ ಕೆಂಪು ಶಾಯಿ ಹರಿಯಿತು.

ಸೊಸೆ ಮಾಲಾ ಅದನ್ನು ನೋಡಿ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಮಾವ, ಬೇಜಾರ್ ಮಾಡ್ಕೋಬೇಡಿ. ಸೋಮವಾರ ಮತ್ತೆ ಟೆಸ್ಟ್ ಐತಂತೆ. ಅದ್ರಲ್ಲೂ ಹಿಂಗೇ ಆದ್ರೆ ಟ್ಯೂಷನ್‌ಗೆ ಹಾಕ್ಬಿಡ್ತೀನಿ."

"ಯಾವಾಗ ಟ್ಯೂಷನ್ನು?"

"ಸಂಜೆ. ಶಾಲೆಯಿಂದ ಸೀದಾ ಅಲ್ಲಿಗೇ. ವಾಪಸ್ ಬರೋಷ್ಟರಲ್ಲಿ ಊಟದ ಹೊತ್ತಾಗುತ್ತೆ."

ಚೆನ್ನರಾಯಪ್ಪನವರಿಗೆ ಎದೆಗೆ ಕೊಂಬು ತಾಗಿದಂತಾಯಿತು. ಮರುದಿನ ಇಸ್ತ್ರಿ ಮಾಡಿದ ಟವಲು ಹೆಗಲಿಗೇರಿಸಿ, ಶತ್ರುವಿನ ಕೋಟೆಗೇ ನುಗ್ಗಿದರು. ಕೋಟೆ ಎಂದರೆ ಶಾಲೆ. ಕೋಟೆಯೊಳಗೆ ಇಂಗ್ಲಿಷ್ ಟೀಚರ್ ಮೆಹ್ವಿಶ್ ಮಿಸ್ ಟಿಫನ್ ಡಬ್ಬಿ ಬಿಚ್ಚುತ್ತಿದ್ದರು.

"ಮಿಸ್ಸಮ್ಮ, ಇದ್ಯಾವ ನ್ಯಾಯ? ಬಸ್ಸಿಗೆ ಬಂದ್ರೆ ಹತ್ತು ಅಂತೆ, ಕುರ್ಚಿಗೆ ಬಂದ್ರೆ ಕೂತ್ಕೋ ಅಂತೆ, ಫೋಟೋಗೆ ಬಂದ್ರೆ ತೆಗಿ ಅಂತೆ! ಒಂದು ಮಾತು ಅಂದ್ಮೇಲೆ ಒಂದು ನಿಯತ್ತು ಬೇಡ್ವಾ?"

"ತಾತ, ಅದನ್ನ ಒಂಟಿಯಾಗಿ ನೋಡ್ಬೇಡಿ. ಪಕ್ಕದಲ್ಲಿ ಯಾರು ನಿಂತಿದ್ದಾರೆ ನೋಡಿ. ಅವರನ್ನ ನೋಡಿ ಅರ್ಥ ಹೇಳ್ಬೇಕು."

"ಪಕ್ಕದೋರ್ನ ನೋಡಿ ಮಾತು ಬದಲಾಯಿಸೋರು ನಮ್ಮೂರಲ್ಲೂ ಅವ್ರೆ. ಅಂಥೋರಿಗೆ ನಾವು ಓಟು ಹಾಕಲ್ಲ."

"ಹಾಕ್ತೀರಿ ತಾತ," ಎಂದು ಮೆಹ್ವಿಶ್ ಮಿಸ್ ನಕ್ಕು, ಒಂದು ಪರೋಟ ಕೊಟ್ಟು ಕಳಿಸಿದರು.

ಪರೋಟ ಹೊಟ್ಟೆಗೆ ಇಳಿಯಿತು, ಪಾಠ ತಲೆಗೆ ಇಳಿಯಲಿಲ್ಲ.

ಸಂತೆಯ ದಿನ ಬಂತು. ವ್ಯಾಪಾರ ಬಿಟ್ಟಿದ್ದರೂ ಅವತ್ತು ಬೇವಿನ ಮರದ ಕೆಳಗೆ ಹೋಗಿ ಕೂರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹಳೆಯ ಎದುರಾಳಿ ಗೌಸ್ ಪೀರ್ ಇನ್ನೂ ದಲ್ಲಾಳಿಯಾಗಿಯೇ ಇದ್ದರು. ದೂರದಿಂದಲೇ ಕೂಗಿದರು.

"ಬಾ ಅಣ್ಣಾ! ಕೈ ತುಕ್ಕು ಹಿಡಿದೈತೇನೋ ನೋಡಣ."

ಆ ಸಂತೆಯಲ್ಲಿ ಯಾರೂ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರು ದಲ್ಲಾಳಿಗಳು ಟವಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಅದುಮಿಯೇ ವ್ಯಾಪಾರ ಕುದುರಿಸಬೇಕು. ಸುತ್ತ ನಿಂತವರಿಗೆ ಕಾಣುವುದು ಬರೀ ಟವಲು. ಮೊದಲು ಒಂದು ಮೇಕೆಮರಿ ಬಂತು. ಗೌಸ್ ಪೀರ್ ನಾಲ್ಕು ಬೆರಳು ಅದುಮಿದರು. ನಾಲ್ಕು ಸಾವಿರ. ಆಮೇಲೆ ಎತ್ತಿನ ಜೋಡಿ ಬಂತು. ಗೌಸ್ ಪೀರ್ ಮತ್ತೆ ಅದೇ ನಾಲ್ಕು ಬೆರಳು ಅದುಮಿದರು. ನಲವತ್ತು ಸಾವಿರ.

ಚೆನ್ನರಾಯಪ್ಪನವರ ಕೈ ಟವಲ್ಲಿನೊಳಗೇ ಕಲ್ಲಾಯಿತು. ಬೆರಳು ಬದಲಾಗಿರಲಿಲ್ಲ. ಬೆಲೆ ಹೇಳಿದ್ದು ಬೆರಳಲ್ಲ. ಪಕ್ಕದಲ್ಲಿ ನಿಂತ ಪ್ರಾಣಿ.

"ಏನಣ್ಣಾ, ಕೈ ಹಿಡ್ಕೊಂಡೇ ನಿದ್ದೆ ಹೋದ್ಯಾ?"

"ಸಾಬ್ರೇ, ನಾವು ನಲವತ್ತು ವರ್ಷದಿಂದ ಇಂಗ್ಲಿಷ್ ಮಾತಾಡ್ತಾ ಇದ್ದೀವಿ ಕಣ್ರೀ!"

ಗೌಸ್ ಪೀರ್ ಸುತ್ತಲಿನವರ ಕಡೆ ತಿರುಗಿದರು. "ಅಯ್ಯೋ ಪಾಪ. ಯಾರಾದ್ರೂ ಅಣ್ಣನ ತಲೆಗೆ ಒಂದಿಷ್ಟು ನೀರು ಹಾಕ್ರಪ್ಪಾ."

ಅವತ್ತು ಸಂಜೆ ಜಗಲಿಯ ಮೇಲೆ ಟವಲು ಹರಡಿತು. ಅದರ ಕೆಳಗೆ ತಾತ ಮೊಮ್ಮಗಳ ತೋರುಬೆರಳು ಹಿಡಿದರು.

"ಇದು ಟೇಕ್ ಕಣಮ್ಮ. ಪಕ್ಕದಲ್ಲಿ ಬಸ್ಸು ಬಂದು ನಿಂತ್ಕೊಂತು."

"ಹತ್ತು!"

"ಬಸ್ಸು ಹೋಯ್ತು, ಕುರ್ಚಿ ಬಂತು."

"ಕೂತ್ಕೋ!"

"ಮಾತ್ರೆ ಬಂತು."

"ನುಂಗು! ತಾತ, ಇನ್ನೊಂದ್ಸಲ ತಾತ!"

ಮಗು ನಗುತ್ತಿತ್ತು. ಚೆನ್ನರಾಯಪ್ಪನವರು ಮಾತ್ರ ಆ ಪುಟ್ಟ ಬೆರಳು ಹಿಡಿದುಕೊಂಡೇ ಯೋಚನೆಗೆ ಬಿದ್ದರು. ಎತ್ತು, ಮೇಕೆ ಪಕ್ಕದಲ್ಲಿದ್ದಷ್ಟು ಕಾಲ ಈ ಕೈಗೆ ಎಷ್ಟೊಂದು ಅರ್ಥವಿತ್ತು. ಸಂತೆ ಬಿಟ್ಟ ಮೇಲೆ ಬೆರಳು ಬರೀ ಬೆರಳಾಗಿ ಮಡಿಲಲ್ಲಿ ಬಿದ್ದಿತ್ತು. ಈ ಹುಡುಗಿ ಪಕ್ಕದಲ್ಲಿ ಬಂದು ಕೂತಾಗ ಮಾತ್ರ ಅದಕ್ಕೆ ತಾತ ಎಂಬ ಅರ್ಥ ಬರುತ್ತದೆ. ಪಕ್ಕದವರು ಎದ್ದು ಟ್ಯೂಷನ್ನಿಗೆ ಹೋದರೆ?

ಸೋಮವಾರ ಮಧ್ಯಾಹ್ನ ಶಾಲೆಯಿಂದ ಮಾಲಾಗೆ ಫೋನು ಬಂತು. ಒಮ್ಮೆ ಬಂದು ಹೋಗಬೇಕಂತೆ. ಟೆಸ್ಟಿನಲ್ಲಿ ಮಗು ಡೆಸ್ಕಿನ ಕೆಳಗೆ ಏನೋ ಮುಚ್ಚಿಟ್ಟುಕೊಂಡಿತ್ತಂತೆ. ಮಂಡಿನೋವು ಮರೆತ ಮಾವ ಸೊಸೆಗಿಂತ ಮುಂದೆ ಓಡಿದರು.

"ನಾನೂ ಕಾಪಿ ಚೀಟಿ ಅಂದ್ಕೊಂಡೆ," ಎಂದರು ಮೆಹ್ವಿಶ್ ಮಿಸ್. "ತೊಡೆ ಮೇಲೆ ಕರ್ಚೀಫ್ ಹಾಸ್ಕೊಂಡು, ಕೆಳಗೆ ಕೈ ಇಟ್ಕೊಂಡು ಏನೋ ಗುನುಗ್ತಾ ಇದ್ಲು. ಅದ್ರ ಕೆಳಗೆ ಏನೈತೆ ತೋರ್ಸು ಅಂದೆ. 'ತಾತ ಅವ್ರೆ ಮಿಸ್' ಅಂದ್ಲು. ಎತ್ತಿ ನೋಡಿದ್ರೆ ತನ್ನ ಬೆರಳು ತಾನೇ ಹಿಡ್ಕೊಂಡಿದ್ಲು."

ಮಾಲಾ ಉತ್ತರಪತ್ರಿಕೆ ತಿರುವಿದಳು. ನೆಂಟರು ಕುರ್ಚಿ ಹೊತ್ತೊಯ್ಯದೆ ಅದರಲ್ಲೇ ಕೂತಿದ್ದರು. ಅಪ್ಪ ಬಸ್ಸನ್ನು ಸರಕಾರಕ್ಕೇ ಬಿಟ್ಟು, ಹತ್ತಿ ಹೋಗಿದ್ದರು. ಅವಳು ಮಾವನ ಮುಖ ನೋಡಿದಳು. ಅವರು ಟವಲ್ಲಿನ ಅಂಚನ್ನು ಹಿಂಡುತ್ತಿದ್ದರು.

"ಟ್ಯೂಷನ್ ಮಾತು ಬಿಡಿ ಮಾವ. ಜಗಲೀಲಿ ಲೈಟು ಸಾಲ್ದು, ಇನ್ನೊಂದು ಬಲ್ಬು ಹಾಕ್ಸಣ."

ಸಂಜೆ ಹಾಲಿನ ಮೀಸೆ ಒರೆಸಿಕೊಳ್ಳುತ್ತ ಚೈತನ್ಯ ಬಂದು ಕೂತಳು.

"ತಾತ, ನಾಳೆಯಿಂದ ಗೆಟ್ ಅಂತ ಇನ್ನೊಂದು ಬರುತ್ತಂತೆ. ಮಿಸ್ ಹೇಳಿದ್ರು, ಅದು ಟೇಕ್‌ಗಿಂತ ಘಾಟಿಯಂತೆ."

"ಬರ್ಲಿ ಬರ್ಲಿ," ಎಂದು ಚೆನ್ನರಾಯಪ್ಪನವರು ಟವಲು ಕೊಡವಿದರು. "ಪಕ್ಕದಲ್ಲಿ ಯಾರನ್ನ ಕರ್ಕೊಂಡ್ ಬರುತ್ತೆ, ನೋಡೇಬಿಡಣ."