ಅಂಚಿನಕ್ಕನ ಫಾರಂಗಳು

ಯಾರನ್ನೂ ನಂಬದಿರುವುದೇ ನನ್ನ ಉದ್ಯೋಗವಾಗಿತ್ತು. ಸಮೀಕ್ಷಾ ಕಚೇರಿಯಲ್ಲಿ ನಾನು ತಪಾಸಣೆಯವನು. ನಮ್ಮ ಹೆಂಗಸರು ಮನೆಮನೆಗೆ ಹೋಗಿ ತುಂಬಿ ತಂದ ಫಾರಂ ಹಿಡಿದು ನಾನು ಮತ್ತೆ ಅವೇ ಮನೆಗಳಿಗೆ ಹೋಗಬೇಕು. ಅವರು ನಿಜವಾಗಿ ಕೇಳಿ ಬರೆದದ್ದೋ, ಎಲ್ಲೋ ನೆರಳಲ್ಲಿ ಕೂತು ಗೀಚಿದ್ದೋ ಪತ್ತೆ ಹಚ್ಚಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿ ಮಾಡಿ, ಹೆಂಡತಿ 'ಉಪ್ಪು ಹಾಕಿದ್ದೀನಿ' ಎಂದರೂ ಬಾಯಿಗಿಟ್ಟು ನೋಡದೆ ಒಪ್ಪದಂಥ ಪ್ರಾಣಿಯಾಗಿದ್ದೆ.

ನನ್ನ ಕಣ್ಣು ಹೆಚ್ಚಾಗಿ ಬೀಳುತ್ತಿದ್ದದ್ದು ಅಂಚಿನಕ್ಕನ ಮೇಲೆ. ಐವತ್ತರ ಆಸುಪಾಸಿನ ವಿಧವೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ದುಡಿಯುವವಳು ಇವಳೊಬ್ಬಳೇ. ವರ್ಷಕ್ಕೊಮ್ಮೆ ಕೆಲಸ ಮುಂದುವರಿಯಬೇಕಾದರೆ ಅವಳ ಕಾಗದದ ಮೇಲೆ ನನ್ನ ಸಹಿ ಬೀಳಬೇಕು. ಫಾರಂನ ಚೌಕಗಳಲ್ಲಿ ಅಂಕಿ ತುಂಬಿ ಸುಮ್ಮನಾಗುವ ಜಾಯಮಾನ ಅವಳದಲ್ಲ. ಜನ ಆಡಿದ ಮಾತನ್ನೆಲ್ಲ ಹಾಳೆಯ ಅಂಚಿನಲ್ಲಿ ಇರುವೆ ಸಾಲಿನಂತೆ ಬರೆದಿಡುವಳು. ಹೆಸರು ಬಂದದ್ದೂ ಅದರಿಂದಲೇ. ಕಚೇರಿಯ ಲೆಕ್ಕದ ಯಂತ್ರಕ್ಕೆ ಬೇಕಾದದ್ದು ಅಂಕಿ ಮಾತ್ರ. ಬೈಂಡಿಂಗ್‌ನವನು ಕಟ್ಟು ಸಮ ಮಾಡಲೆಂದು ಅಂಚನ್ನು ಕಚಕ್ಕನೆ ಕತ್ತರಿಸಿ ಎಸೆಯುತ್ತಿದ್ದ. ಹನ್ನೊಂದು ವರ್ಷದ ಬರಹ ಹೀಗೆ ಕಸದ ಬುಟ್ಟಿ ಸೇರಿತ್ತು.

"ಯಾಕಕ್ಕ ಸುಮ್ನೆ ಕೈ ನೋಯಿಸ್ಕೊಳ್ತೀಯ? ಯಾರೂ ಓದಲ್ಲ ಅದನ್ನ," ಎನ್ನುತ್ತಿದ್ದೆ ನಾನು.

"ಅವರು ಹೇಳ್ತಾರಲ್ಲ ಸಾರ್. ಬರ್ಕೊಳ್ದೆ ಎದ್ದು ಬಂದ್ರೆ ಮರ್ಯಾದೆ ಅಲ್ಲ," ಎನ್ನುವಳು. ನನಗೋ, ಇಷ್ಟು ಬರೆಯುವವಳು ಏನನ್ನೋ ಮುಚ್ಚಿಡುತ್ತಿರಬೇಕು ಎಂಬ ಗುಮಾನಿ.

ಆ ವರ್ಷ ಹೊಸ ನಿರ್ದೇಶಕಿ ಬಂದರು. ಬಂದ ವಾರವೇ ಎಲ್ಲರನ್ನೂ ಕೂರಿಸಿಕೊಂಡು, "ಲೆಕ್ಕದೋರು ಮಾತು ಅಂದ್ರೆ ಹರಟೆ ಅಂತಾರೆ, ಮಾತು ಕೇಳೋರು ಅಂಕಿ ಅಂದ್ರೆ ಮೂಗು ಮುರೀತಾರೆ. ಇಷ್ಟು ವರ್ಷ ಇದೇ ಜಗಳ ಆಯ್ತು. ನಾವು ಎರಡನ್ನೂ ಒಂದೇ ಅಧ್ಯಯನದಲ್ಲಿ ಪಕ್ಕಪಕ್ಕ ಇಟ್ಟು ನೋಡೋಣ," ಎಂದರು. ಮೊದಲು ಮಾಡಿದ್ದೇ ಅಂಚಿಗೆ ಬೀಳುತ್ತಿದ್ದ ಆ ಕತ್ತರಿಯನ್ನು ನಿಲ್ಲಿಸಿದ್ದು.

ಆಗ ಬಟ್ಟೆ ಒಗೆಯುವ ಕಾರ್ಖಾನೆಯ ಕೆಲಸಗಾರರ ಸಮೀಕ್ಷೆ ನಡೆದಿತ್ತು. ಕಾಯಿಲೆ, ಗಾಯಗಳಿಂದ ಹೋದ ತಿಂಗಳು ಎಷ್ಟು ದಿನ ಕೆಲಸ ತಪ್ಪಿತು ಎಂಬ ಪ್ರಶ್ನೆಗೆ ಅಂಚಿನಕ್ಕ ತನ್ನ ಪಾಲಿನ ಬೀದಿಯ ಮೂವತ್ತೆಂಟು ಮನೆಗಳಲ್ಲೂ ಸೊನ್ನೆ ತುಂಬಿದ್ದಳು. ಅಂಚಿನಲ್ಲಿ ನೋಡಿದರೆ ಸುಟ್ಟ ಕೈ, ಊದಿದ ಕಾಲು, ಹಬೆಗೆ ತಲೆ ಸುತ್ತಿ ಬಿದ್ದದ್ದು! ನಿರ್ದೇಶಕಿಗೆ ಖುಷಿಯೋ ಖುಷಿ. "ತಾಳೆ ಆಗದೇ ಇರೋ ಕಡೇನೇ ಏನೋ ಇರುತ್ತೆ. ಹೋಗಿ ಬನ್ನಿ. ಮಾತಾಡಿಸಿ, ಪೊಲೀಸರ ಥರ ವಿಚಾರಣೆ ಮಾಡ್ಬೇಡಿ," ಎಂದರು. ನನಗೆ ತಾಳೆಯಾಗದ್ದೆಂದರೆ ಒಂದೇ ಅರ್ಥ, ಯಾರೋ ಸುಳ್ಳು ಹೇಳಿದ್ದಾರೆ. ಈ ಸಲ ಸಿಕ್ಕಿಬಿದ್ದಳು ಎಂದುಕೊಂಡೆ.

ಮೊದಲ ಮನೆ ಇಸ್ತ್ರಿ ವಿಭಾಗದ ಹೆಂಗಸಿನದು. ಒಂದೇ ಕೋಣೆ, ಕಿಟಕಿಗೆ ಒಣಹಾಕಿದ ಸಮವಸ್ತ್ರ. ಅವಳ ಭಾವ ಕುರ್ಚಿ ಎಳೆದು ಕೂರಿಸಿದ. ನಾನು ಕೊರಳಲ್ಲಿದ್ದ ಕಚೇರಿಯ ಗುರುತಿನ ಬಿಲ್ಲೆ ತೋರಿಸಿ ಪ್ರಶ್ನೆ ಓದಿದೆ.

"ಒಂದು ದಿನಾನೂ ತಪ್ಪಿಸಿಲ್ಲ ಸಾರ್. ಸೊನ್ನೆ ಬರ್ಕೊಳ್ಳಿ."

"ಮತ್ತೆ ಇದೇನಮ್ಮ?" ಎಂದು ಅಂಚನ್ನು ಗಟ್ಟಿಯಾಗಿ ಓದಿದೆ: "'ಬಲಗೈ ಸುಟ್ಟು ಎಂಟು ದಿನ, ಎಡಗೈಯಲ್ಲೇ ಇಸ್ತ್ರಿ ಹಾಕಿದೆ. ಮೇಸ್ತ್ರಿಗೆ ಗೊತ್ತಾದ್ರೆ ತೆಗೆದುಹಾಕ್ತಾನೆ.' ನೀನು ಹೇಳಿದ್ದಾ?"

ಅವಳ ಮುಖ ಬಿಳಿಚಿಕೊಂಡಿತು. "ಇಲ್ಲಪ್ಪ! ನಾನ್ಯಾಕೆ ಹೇಳ್ಲಿ? ಆ ಅಕ್ಕ ಏನೋ ಬರ್ಕೊಂಡಿರ್ಬೇಕು."

ಉಳಿದ ಮನೆಗಳಲ್ಲೂ ಅದೇ ಹಾಡು. ನಾನು ಹೋಗುವ ಮೊದಲೇ ಬೀದಿಗೆಲ್ಲ ಸುದ್ದಿ ಮುಟ್ಟಿದಂತಿತ್ತು. ಮರುದಿನವೇ ವರದಿ ಕೊಟ್ಟೆ: ಅಂಚಿನ ಬರಹವೆಲ್ಲ ಕಟ್ಟುಕತೆ, ಈಕೆಯನ್ನು ಮುಂದುವರಿಸತಕ್ಕದ್ದಲ್ಲ.

ನಿರ್ದೇಶಕಿ ಅಂಚಿನಕ್ಕನನ್ನು ಕರೆಸಿ ಅದನ್ನು ತೋರಿಸಿದರು. ಕಣ್ಣೀರು ಹಾಕುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ನಾನು ಕಾದೆ. ಅವಳು ಎರಡು ಸಲ ಓದಿ ನನ್ನ ಕಡೆ ತಿರುಗಿದಳು.

"ಓದಿ ಹೇಳಿದ್ರಾ ಸಾರ್? ಅವಳ ಭಾವನ ಎದುರಿಗೇ?"

"ಓದದೆ ಹೇಗೆ ಕೇಳೋದು?"

"ಅವನೇ ಕಣ್ರೀ ಮೇಸ್ತ್ರಿ!" ಹನ್ನೊಂದು ವರ್ಷದಲ್ಲಿ ಅವಳು ದನಿ ಏರಿಸಿದ್ದು ಅದೇ ಮೊದಲು. "ಮನೇಲಿ ಕೂತ್ರೆ ಕೆಲಸ ಹೋಗುತ್ತೆ ಅಂತ ಹಲ್ಲು ಕಚ್ಕೊಂಡು ಹೋಗ್ತಾರೆ. ಅದಕ್ಕೇ ಸೊನ್ನೆ. ಸೊನ್ನೆನೂ ನಿಜ, ಸುಟ್ಟಿದ್ದೂ ನಿಜ. ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ?"

ನಾನು ಹೋಗಿದ್ದಾಗ ಆ ಇಸ್ತ್ರಿಯ ಹೆಂಗಸು ಇಡೀ ಹೊತ್ತು ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡೇ ಇದ್ದಳು. ನೋಡಿದ್ದೆ, ಒದ್ದೆ ಕೈ ಇರಬೇಕೆಂದು ಬಿಟ್ಟಿದ್ದೆ. ಎಲ್ಲರನ್ನೂ ಅನುಮಾನಿಸಿದ ನಾನು ಕುರ್ಚಿ ಹಾಕಿ ಕೂರಿಸಿದವನನ್ನು ಮಾತ್ರ ಅನುಮಾನಿಸಲಿಲ್ಲ.

ನಿರ್ದೇಶಕಿ ನನ್ನ ವರದಿ ಹರಿದು ಹಾಕಿದರು. ಅಂಚಿನಕ್ಕನ ಕೆಲಸ ಉಳಿಯಿತು. ಹೊಸ ಫಾರಂ ಅಚ್ಚಾಗಿ ಬಂತು. ಪ್ರತಿ ಪ್ರಶ್ನೆಯ ಕೆಳಗೆ 'ಅವರದೇ ಮಾತಿನಲ್ಲಿ' ಎಂದು ನಾಲ್ಕು ಗೆರೆ ಜಾಗ. ಬೇರೆ ಕಚೇರಿಗಳವರೂ ಅದನ್ನು ನೋಡಿಕೊಂಡು ಹೋಗಲು ಬಂದರು. ಎರಡನೇ ಸುತ್ತಿಗೆ ನಾನೂ ಅವಳ ಜೊತೆ ಹೊರಟೆ. ಕ್ಷಮೆ ಕೇಳುವುದಿತ್ತು.

ಇಸ್ತ್ರಿಯವಳು ಬಾಗಿಲನ್ನು ಅರ್ಧ ತೆರೆದು ಅಡ್ಡ ನಿಂತಳು. ಹಿಂದೆಲ್ಲ 'ಬಾ ಅಕ್ಕ, ಕೂತ್ಕೋ' ಎನ್ನುತ್ತಿದ್ದವಳಂತೆ.

"ಸೊನ್ನೆ."

"ಕೈ ಹೇಗಿದೆಯಮ್ಮ?" ಅಂಚಿನಕ್ಕ ಮೆಲ್ಲಗೆ ಕೇಳಿದಳು.

"ಕೈಗೇನಾಗಿದೆ? ಎಲ್ಲ ಚೆನ್ನಾಗಿದೆ. ಹಾಗೇ ಬರ್ಕೊಳ್ಳಿ."

ಬಾಗಿಲು ಮುಚ್ಚಿತು. ನನ್ನ ಕ್ಷಮೆ ಬಾಯಲ್ಲೇ ಉಳಿಯಿತು. ಆ ಬೀದಿಯ ಮೂವತ್ತೆಂಟು ಮನೆಗಳಲ್ಲಿ ಒಬ್ಬರೂ ನಮ್ಮನ್ನು ಒಳಗೆ ಕರೆಯಲಿಲ್ಲ. ಅಂಚಿನಕ್ಕ ಪ್ರತಿ ಹಾಳೆಯ ಚೌಕದಲ್ಲಿ ಸೊನ್ನೆ ತುಂಬಿದಳು, ನಾಲ್ಕು ಗೆರೆಗಳಲ್ಲಿ 'ಎಲ್ಲ ಚೆನ್ನಾಗಿದೆ' ಎಂದು ದುಂಡಗೆ ಬರೆದಳು. ಬೀದಿಯ ಕೊನೆಯಲ್ಲಿ ಇಡೀ ಕಟ್ಟನ್ನು ನನ್ನ ಕೈಗಿತ್ತು, "ಈ ಸಲ ಎಲ್ಲ ತಾಳೆಯಾಗಿದೆ ಸಾರ್," ಎಂದಳು, "ಸಹಿ ಹಾಕಿ."