ಆಕ್ಸಲ್ ಮೇಲೆ ಕೂತ ತುರಿಮಣೆ

ಚಕ್ರ ಇರೋ ಮನೆಗೆ ಪೂರ್ವ ಯಾವ ಕಡೆ? ನನ್ನ ವಯಸ್ಸಿನ ಹೆಂಗಸರು ಇಂಥ ಪ್ರಶ್ನೆ ಕೇಳಿಕೊಳ್ಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಮನೆ ಅಂದರೆ ನಿಂತಲ್ಲಿ ನಿಂತಿರುತ್ತೆ, ಸೂರ್ಯ ಹುಟ್ಟಿದ ಕಡೆ ಪೂರ್ವ, ಅಲ್ಲಿಗೆ ಮುಗೀತು. ಆದರೆ ನನ್ನದು ಈಗ ಕ್ಯಾರವಾನು, ಕಾರಿನ ಹಿಂದೆ ಕಟ್ಟಿಕೊಂಡು ಎಳೆದುಕೊಂಡು ಹೋಗೋ ಮನೆ. ರಸ್ತೆ ತಿರುಗಿದರೆ ಅದರ ಪೂರ್ವವೂ ತಿರುಗುತ್ತೆ. ಇಷ್ಟು ಸಣ್ಣ ವಿಷಯ ನಮ್ಮ ಮನೆ ಜನರ ತಲೆಗೆ ಹೋಗೋದಕ್ಕೆ ಅದು ನಡುದಾರಿಯಲ್ಲಿ ಕೈಕೊಡಬೇಕಾಯಿತು.

ಕ್ಯಾರವಾನು ಯಾಕೆ ಅಂತ ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಬ್ರಿಸ್ಬೇನಿನ ಫಾರೆಸ್ಟ್ ಲೇಕಿನಲ್ಲಿ ಮಗ ಸುರೇಶನ ಮನೆ. ಅವನು ಮೂಳೆ ಡಾಕ್ಟರು. ಸೊಸೆ ವಿದ್ಯಾ ಒಳ್ಳೆಯವಳೇ. ನನಗೆ ಆಗದೇ ಇದ್ದದ್ದು ಅವಳ ಅಡುಗೆಮನೆ ಸೂರಿಗೆ ಅಂಟಿಕೊಂಡಿದ್ದ ಹೊಗೆ ಅಲಾರಂ. ನಾನು ಒಗ್ಗರಣೆಗಿಟ್ಟರೆ ಸಾಸಿವೆ ಸಿಡಿಯೋದಕ್ಕೆ ಮೊದಲೇ ಅದು ಬಾಯಿ ಬಡ್ಕೊಳ್ಳುತ್ತಿತ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಅದರ ಮೂತಿಗೆ ಗಾಳಿ ಹಾಕೋಕೆ ಮೊರ. "ಅತ್ತೆ, ಒಗ್ಗರಣೆ ಇಲ್ದೇನೇ ಮಾಡಬಹುದಲ್ವಾ?" ಅಂದಳು ವಿದ್ಯಾ. ಒಗ್ಗರಣೆ ಇಲ್ಲದ ಸಾರು ಅಂದರೆ ಬಣ್ಣದ ಬಿಸಿನೀರು. ನಾನು ಜಗಳ ಆಡಲಿಲ್ಲ. ನನಗೆ ನನ್ನದೇ ಒಂದು ಒಲೆ ಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಅಡಿಲೇಡಿನ ಪ್ರಾಸ್ಪೆಕ್ಟಿನಲ್ಲಿ ಮಗಳು ಉಷಾ ಇದ್ದಾಳೆ. "ನಮ್ಮನೇಲಿ ರೂಮಿಲ್ಲಮ್ಮ, ಹಿತ್ತಲು ಮಾತ್ರ ಇದೆ" ಅಂದಳು. ಹಿತ್ತಲಿದ್ದರೆ ಬೇಕಾದಷ್ಟಾಯಿತು. ಸುರೇಶ ಟೂವಾಂಗಿನ ಒಬ್ಬ ಮುದುಕನ ಹತ್ತಿರ ಒಂದು ಹಳೇ ಕ್ಯಾರವಾನು ಹಿಡಿದ. ಸುರೇಶನಿಗಿಂತ ವಯಸ್ಸಾದ ಗಾಡಿ. "ಪರ್ತ್‌ವರೆಗೂ ಹೋಗಿಬಂದಿದೆ" ಅಂತ ಮಾರಿದವನು ಜಂಬ ಕೊಚ್ಚಿದನಂತೆ. ಕಾಶಿಗೆ ಹೋಗಿಬಂದ ಅಜ್ಜಂದಿರ ಬಗ್ಗೆಯೂ ಜನ ಹೀಗೇ ಹೇಳುತ್ತಾರೆ. ಮಂಡಿ ಹೋಗಿದೆ ಅನ್ನೋದನ್ನ ಮಾತ್ರ ಹೇಳೋದಿಲ್ಲ.

ಹೊರಡೋ ಮೊದಲು ವಿದ್ಯಾ ಒಂದು ಷರತ್ತು ಹಾಕಿದಳು. "ದಾರೀಲಿ ಕೆಟ್ಟರೆ ರಿಪೇರಿ ಗಿಪೇರಿ ಅಂತ ಕೂರಬೇಡಿ. ಟೋ ಟ್ರಕ್ ಕರೆದು ಗುಜರಿಗೆ ಕೊಟ್ಬಿಡಿ, ಅತ್ತೇನ ವಾಪಸ್ ಕರ್ಕೊಂಡು ಬನ್ನಿ." ಸುರೇಶ ತಲೆಯಾಡಿಸಿದ. ನಾನೂ ಆಡಿಸಿದೆ. ಆಡಿಸದಿದ್ದರೆ ಗಾಡಿ ಗೇಟು ದಾಟುತ್ತಿರಲಿಲ್ಲ.

ಇನ್ನು ಪೂರ್ವದ ವಿಷಯ. ಉಷಾಳ ಮಾವ, ಅಂದರೆ ನನ್ನ ಬೀಗರು, ಮೈಸೂರಿನಲ್ಲಿದ್ದಾರೆ. ನಿವೃತ್ತಿ ಆದಮೇಲೆ ವಾಸ್ತು ಹಿಡಿದುಕೊಂಡಿದ್ದಾರೆ. ವಿಡಿಯೋ ಕಾಲಿನಲ್ಲಿ ಪ್ರಾಸ್ಪೆಕ್ಟಿನ ಹಿತ್ತಲು ನೋಡಿ, ಕ್ಯಾರವಾನು ಹೇಗೆ ನಿಲ್ಲಬೇಕು ಅಂತ ಲೆಕ್ಕ ಹಾಕಿ, "ಅಡುಗೆ ಮಾಡೋರ ಮುಖ ಪೂರ್ವಕ್ಕಿರಬೇಕು, ಒಲೆ ಎಡಗಡೆ ಗೋಡೆಗೇ ಬರಬೇಕು ಬೀಗಿತ್ತೀರೆ" ಅಂದರು. ಸುರೇಶ ಒಲೆ ಕಿತ್ತು ಎಡಕ್ಕೆ ಹಾಕಿಸಿದ. ಒಲೆ ಎಡಕ್ಕೆ ಬಂದಮೇಲೆ ಸಾಮಾನು ಕೈಗೆ ಸಿಗಬೇಡವೇ? ಗ್ರೈಂಡರು, ಅಕ್ಕಿ ಮೂಟೆ, ರಾಗಿ, ಬೇಳೆ ಡಬ್ಬಗಳು, ಉಪ್ಪಿನಕಾಯಿ ಭರಣಿ, ಎಲ್ಲ ಎಡಕ್ಕೆ ಜೋಡಿಸಿದೆ. ಬಲಕ್ಕೆ ನನ್ನ ಹಾಸಿಗೆ, ಒಂದು ಸೀರೆ ಪೆಟ್ಟಿಗೆ. ಚೊಕ್ಕವಾಗಿ ಕಾಣುತ್ತಿತ್ತು.

ಎರಡನೇ ದಿನ ಮಧ್ಯಾಹ್ನ, ಸುತ್ತ ಕೆಂಪು ಮಣ್ಣು ಬಿಟ್ಟರೆ ಬೇರೇನೂ ಇಲ್ಲದ ಕಡೆ, ಹಿಂದಿನಿಂದ ಢಣ್ ಅಂತು. ಆಮೇಲೆ ರಬ್ಬರ್ ಸುಟ್ಟ ವಾಸನೆ. ಇಳಿದು ನೋಡಿದರೆ ಕ್ಯಾರವಾನು ಎಡಕ್ಕೆ ವಾಲಿಕೊಂಡು, ಸೊಂಟ ಹಿಡಿದವರ ಹಾಗೆ ನಿಂತಿತ್ತು.

ಸುರೇಶ ಗಾಡಿ ಕೆಳಗೆ ತೂರಿದ. ಹೊರಗೆ ಬಂದಾಗ ಮುಖವೆಲ್ಲ ಕೆಂಪು ಧೂಳು. "ಅಮ್ಮಾ, ಫ್ರಾಕ್ಚರ್." ಎರಡೂ ಚಕ್ರಕ್ಕೆ ಸೇರಿ ಅಡ್ಡಕ್ಕೆ ಒಂದು ಕಬ್ಬಿಣದ ಆಕ್ಸಲ್ ಇರುತ್ತೆ, ಎತ್ತಿನಗಾಡಿಯ ಅಚ್ಚಿನ ಹಾಗೆ. ಅದನ್ನು ಹಿಡಿದುಕೊಂಡಿದ್ದ ಎಡಗಡೆಯ ಸ್ಪ್ರಿಂಗ್ ಪಟ್ಟಿ ಮುರಿದು, ಆಕ್ಸಲ್ ಹಿಂದಕ್ಕೆ ಜಾರಿ, ಟೈರು ಗಾಡಿ ಮೈಗೆ ಉಜ್ಜುತ್ತಿತ್ತು. ಅವನು ಫೋನು ತೆಗೆದ. "ಟೋ ಟ್ರಕ್ ಕರೀತೀನಿ."

ಟೋ ಟ್ರಕ್ ಬಂದರೆ ಗುಜರಿ. ಗುಜರಿ ಅಂದರೆ ವಾಪಸ್ ಫಾರೆಸ್ಟ್ ಲೇಕು, ಮೊರ, ಅಲಾರಂ.

"ಮೂಳೆ ಮುರ್ಕೊಂಡು ಬಂದೋರನ್ನ ಗುಜರಿಗೆ ಕಳಿಸ್ತೀಯೇನೋ?" ಅಂದೆ.

"ಅದಕ್ಕೆ ಕಟ್ಟು ಹಾಕ್ತೀವಿ."

"ಹಾಕು ಮತ್ತೆ."

ಹಾಗೆ ಅಂದುಬಿಟ್ಟೆ, ಹೇಗೆ ಹಾಕೋದು ಅಂತ ನನಗೂ ಗೊತ್ತಿರಲಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಅಷ್ಟರಲ್ಲಿ ನಮ್ಮ ಹಿಂದೆ ಇನ್ನೊಂದು ಕ್ಯಾರವಾನು ಬಂದು ನಿಂತಿತು. ಒಬ್ಬಳೇ ಓಡಿಸಿಕೊಂಡು ಬಂದಿದ್ದವಳು ಮಾರ್ಗರೆಟ್ ಅನ್ನೋ ಬಿಳೀ ಅಜ್ಜಿ, ಚಡ್ಡಿ, ಟೋಪಿ, ಬಾಯಲ್ಲಿ ಪೆಪ್ಪರಮಿಂಟು. ಅವಳೂ ಗಾಡಿ ಕೆಳಗೆ ಬಗ್ಗಿ ನೋಡಿ, ಉಪಾಯ ಹೇಳಿದಳು, ಸುರೇಶ ನನಗೆ ಕನ್ನಡ ಮಾಡಿ ಹೇಳಿದ. ಗಾಡಿ ಮೈಯನ್ನು ಜಾಕಿನಲ್ಲಿ ಎತ್ತು, ಆಕ್ಸಲನ್ನು ಎಳೆದು ಅದರ ಜಾಗಕ್ಕೆ ತಾ, ಆಕ್ಸಲಿಗೂ ಮೇಲಿನ ಕಬ್ಬಿಣದ ಚೌಕಟ್ಟಿಗೂ ನಡುವೆ ಮರದ ದಿಮ್ಮಿ ಇಟ್ಟು ಸಾಮಾನು ಕಟ್ಟೋ ಪಟ್ಟಿಯಲ್ಲಿ ಬಿಗಿ, ಮುಂದಿನ ಊರಿನ ತನಕ ಆಮೆ ಹಾಗೆ ಹೋಗು. "ಡಾಕ್ಟರ್ ಅಂತೀಯ, ಮುರಿದ ಮೂಳೆಗೆ ಕಟ್ಟೋ ಸ್ಪ್ಲಿಂಟ್ ಗೊತ್ತಿಲ್ವಾ?" ಅಂತ ಇಂಗ್ಲಿಷಿನಲ್ಲಿ ಸುರೇಶನ ಕಾಲೂ ಎಳೆದಳು. ನನಗೆ ಅವಳು ಹಿಡಿಸಿದಳು.

ಆಮೇಲೆ ನಮ್ಮ ಕ್ಯಾರವಾನಿನ ಬಾಗಿಲು ತೆಗೆದು ಒಳಗೆ ಇಣುಕಿದಳು. "ಎಲ್ಲಾ ಒಂದೇ ಕಡೆ! ಯಾರು ತುಂಬಿದ್ದು?" ಸುರೇಶ ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ಕೈ ತೋರಿಸಿ "ಮೈಸೂರು" ಅಂದೆ. ಅವಳಿಗೇನು ಅರ್ಥ ಆಯಿತೋ, "ಮೈಸೂರಿಗೆ ಹೇಳು, ಅವನು ದಡ್ಡ ಅಂತ" ಅಂದಳು. ಬೀಗರನ್ನು ಹೀಗೆ ಎದುರಿಗೆ ಬೈದವರು ಯಾರೂ ಇಲ್ಲ. ಅವರು ಎದುರಿಗೆ ಇರಲಿಲ್ಲ, ನಿಜ.

ಉಪಾಯ ಸಿಕ್ಕಿತು, ದಿಮ್ಮಿ ಸಿಗಲಿಲ್ಲ. ಮಾರ್ಗರೆಟ್ ಹತ್ತಿರ ಇದ್ದದ್ದು ಪ್ಲಾಸ್ಟಿಕ್ ತುಂಡು, ಭಾರ ಬಿದ್ದ ತಕ್ಷಣ ಪಟ್ಟಂತ ಸೀಳಿತು. ಮರದ ಕೊಂಬೆ ತಂದರೆ ಒಳಗೆಲ್ಲ ಇರುವೆ ತಿಂದು ಟೊಳ್ಳು. ಸುರೇಶ ಮತ್ತೆ ಫೋನು ತೆಗೆದ.

ಆಗ ನನ್ನ ತುರಿಮಣೆ ಕಣ್ಣಿಗೆ ಬಿತ್ತು. ಹಲಸಿನ ಮರದ್ದು, ಗೇಣಗಲ, ಈಗಿನ ಮಣೆಗಳ ಎರಡರಷ್ಟು ದಪ್ಪ. ನಮ್ಮತ್ತೆ ಕೊಟ್ಟದ್ದು. ಅವರ ನೆನಪಿಗೆ ಇಟ್ಟುಕೊಂಡಿದ್ದಲ್ಲ, ಗಟ್ಟಿ ಇದೆ ಅಂತ ಇಟ್ಟುಕೊಂಡಿದ್ದು.

"ಅಮ್ಮಾ, ಅದು ಬೇಡ. ಒಡೆದುಹೋದ್ರೆ?"

"ಒಡೆದ್ರೆ ಕಾಯಿ ಮಿಕ್ಸಿಗೆ ಹಾಕ್ತೀನಿ. ಒಲೇನೇ ಇಲ್ದಿದ್ರೆ ಕಾಯಿ ತುರಿದು ಯಾರ ತಲೆ ಮೇಲೆ ಸುರೀಲಿ?"

ತುರಿಯೋ ಕಬ್ಬಿಣ ಬಡಿದು ಬಿಚ್ಚಿ, ಮಣೆಯನ್ನು ಗಾಡಿ ಕೆಳಗಿದ್ದ ಸುರೇಶನಿಗೆ ಕೊಟ್ಟೆ. ಯುದ್ಧದಲ್ಲಿ ರಥದ ಕೀಲು ಕಳಚಿದಾಗ ಬೆರಳು ಕೊಟ್ಟು ವರ ಗಿಟ್ಟಿಸಿದ ರಾಣಿಯ ಕಥೆ ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಕೇಳಿದ್ದೆ. ಆಗಲೂ ಅನಿಸಿತ್ತು, ಹತ್ತಿರದಲ್ಲಿ ಒಂದು ಮರದ ತುಂಡೂ ಇರಲಿಲ್ಲವೇ ಅಂತ. ಮೂಳೆ ಡಾಕ್ಟರು ಮಣೆ ಇಟ್ಟು, ಪಟ್ಟಿ ಸುತ್ತಿ, ಬೆರಳಿನಿಂದ ತಟ್ಟಿ ತಟ್ಟಿ ನೋಡಿದ, ಆಸ್ಪತ್ರೆಯಲ್ಲಿ ನೋಡುವ ಹಾಗೇ. ಅಕ್ಕಿ ಮೂಟೆ, ಗ್ರೈಂಡರು ಎರಡೂ ನನ್ನ ಹಾಸಿಗೆ ಮೇಲೆ ಮಲಗಿದವು. ಮಾರ್ಗರೆಟ್‌ಗೆ ಒಂದು ಡಬ್ಬ ಕೋಡುಬಳೆ ಕೊಟ್ಟೆ.

ಮುಂದಿನ ಊರಿನ ತನಕ ನಾನು ಉಸಿರಾಡಿದ್ದು ಕಡಿಮೆ. ಸುರೇಶ ರಸ್ತೆ ನೋಡುತ್ತಿದ್ದ, ನಾನು ಕಿವಿ ಹಿಂದಕ್ಕೆ ಕೊಟ್ಟು ಕೂತಿದ್ದೆ. ಕೀರ್ ಅಂದರೆ "ನಿಧಾನ" ಅನ್ನುತ್ತಿದ್ದೆ. ದೇವರಿಗೆ ಹರಕೆ ಹೊರಲಿಲ್ಲ, ಆ ಹೊತ್ತಿಗೆ ಹಲಸಿನ ಮರದ ಮೇಲೇ ಹೆಚ್ಚು ನಂಬಿಕೆ ಇತ್ತು. ಮಣೆ ಅಲುಗಲಿಲ್ಲ. ಸರ್ವೋದ, ಅಂದರೆ ಪೆಟ್ರೋಲ್ ಬಂಕಿನ, ಪಕ್ಕದ ವರ್ಕ್‌ಶಾಪಿನಲ್ಲಿ ಗಾಡಿ ನಿಂತಾಗ ಸುರೇಶ ಸ್ಟಿಯರಿಂಗ್ ಮೇಲೆ ತಲೆ ಇಟ್ಟು ನಕ್ಕುಬಿಟ್ಟ. ನಾನು ಸೀಟಿನಿಂದ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡೆ. ಅಷ್ಟು ಹೊತ್ತು ನಾನೂ ಗಾಡಿ ಹೊತ್ತುಕೊಂಡಿದ್ದೆ ಅಂತ ಕಾಣುತ್ತೆ. ಹೊಸ ಸ್ಪ್ರಿಂಗ್ ಹಾಕಿಸಿ ಹೊರಟೆವು. ವಿದ್ಯಾ ಫೋನಿನಲ್ಲಿ "ಎಲ್ಲ ಸರಿ ಇದ್ಯಾ ಅತ್ತೆ?" ಅಂದಳು. "ಸರಿ ಇದೆ" ಅಂದೆ. ಆಗ ಸರಿ ಇತ್ತಲ್ಲ.

ಪ್ರಾಸ್ಪೆಕ್ಟಿನಲ್ಲಿ ಹಿತ್ತಲಿಗೆ ಹೋಗೋ ದಾರಿ ಕಿರಿದು. ಅಂದುಕೊಂಡ ಹಾಗೆ ಗಾಡಿ ತಿರುಗಲಿಲ್ಲ, ಹಿಂದುಮುಂದಾಗಿ ನಿಲ್ಲಿಸಬೇಕಾಯಿತು. ಎಡಗಡೆ ಗೋಡೆ ಪಶ್ಚಿಮಕ್ಕೆ ಬಂತು. ಅವತ್ತೇ ಅದೇ ಒಲೆ ಮೇಲೆ ಸಾರಿಗಿಟ್ಟೆ. ಸಾಸಿವೆ ಹಾಕಿ ಅಭ್ಯಾಸಬಲದಿಂದ ಮೊರ ಎತ್ತಿಕೊಂಡು ನಿಂತೆ. ಸಾಸಿವೆ ಸಿಡಿಯಿತು, ಇಂಗು ಗಮ್ಮೆಂದಿತು, ಹೊಗೆ ಕಿಟಕಿಯಿಂದ ತನ್ನ ಪಾಡಿಗೆ ಹೊರಗೆ ಹೋಯಿತು. ಯಾರೂ ಕೂಗಲಿಲ್ಲ. ಮೊರ ಕೆಳಗಿಟ್ಟೆ.

ತುರಿಮಣೆಗೆ ಕಬ್ಬಿಣ ವಾಪಸ್ ಬಡಿದು ಕೂರಿಸಿದ್ದೇನೆ. ಆಕ್ಸಲ್ ಕಚ್ಚಿದ ಕಡೆ ಒಂದು ಹಳ್ಳ ಬಿದ್ದಿದೆ. ಉಷಾ ಹೊಸದು ತರಿಸ್ತೀನಿ ಅಂದಳು, ಬೇಡ ಅಂದೆ. ಮೊದಲು ಅದರ ಮೇಲೆ ಕೂತರೆ ಜಾರುತ್ತಿದ್ದೆ, ಈಗ ಹಳ್ಳದಲ್ಲಿ ಗಟ್ಟಿಯಾಗಿ ಕೂರುತ್ತೇನೆ. ಭಾರ ಹೊತ್ತವರಿಗೆ ಬೀಳೋ ಹಳ್ಳ ಎಲ್ಲ ನಷ್ಟವೇ ಏನಲ್ಲ.

ನಿನ್ನೆ ಬೀಗರು ಫೋನು ಮಾಡಿದ್ದರು. "ನೋಡಿದಿರಾ ಬೀಗಿತ್ತೀರೆ, ಒಲೆ ಪೂರ್ವಕ್ಕೆ ಇಟ್ಟಿದ್ದಕ್ಕೇ ಅಷ್ಟು ಹಳೇ ಗಾಡಿ ಕ್ಷೇಮವಾಗಿ ಮುಟ್ಟಿತು" ಅಂದರು. "ಹೌದು ಬೀಗರೆ" ಅಂದೆ. ಸಂಜೆ ಅಡುಗೆ ಮಾಡುವಾಗ ಸೂರ್ಯ ಮುಳುಗೋದು ನನ್ನ ಕಿಟಕಿಯಲ್ಲಿ ಚೆನ್ನಾಗಿ ಕಾಣುತ್ತೆ. ನೀವೂ ಅವರಿಗೆ ಹೇಳೋಕೆ ಹೋಗಬೇಡಿ.