ಕುದಿಸಿದ ಸ್ಪಾಂಜು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಬಿಸಿನೀರಕ್ಕ ಎಂದು. ಆಪರೇಷನ್ ಕೋಣೆಯ ಕತ್ತರಿ, ಚಿಮಟ, ಬಟ್ಟಲುಗಳನ್ನು ತೊಳೆದು, ಬಿಸಿ ಆವಿಗೆ ಕೊಟ್ಟು, ಬಟ್ಟೆಯಲ್ಲಿ ಸುತ್ತಿಡುವ ಕೆಲಸ ಇಪ್ಪತ್ತೆರಡು ವರ್ಷದಿಂದ ಅವಳದು. ಕಣ್ಣಿಗೆ ಕಾಣದ ಕ್ರಿಮಿಯೆಂದರೆ ಹಾವು ಕಂಡಷ್ಟು ಭಯ. ಆ ಭಯವನ್ನು ಮನೆಗೂ ಹೊತ್ತು ತರುತ್ತಿದ್ದಳು. ಚಮಚ ಕುದಿಯುತ್ತಿತ್ತು, ಬಾಚಣಿಗೆ ಕುದಿಯುತ್ತಿತ್ತು, ಗಂಡನ ಕನ್ನಡಕವೂ ಒಮ್ಮೆ ಕುದಿದು ಸೊಟ್ಟಗಾಗಿತ್ತು. "ನನ್ನನ್ನೂ ಒಂದ್ಸಲ ಕುದಿಸಿಬಿಡು, ಮುಗ್ದೋಗ್ಲಿ" ಎಂದು ಅವನು ನಗುತ್ತಿದ್ದ.

ಅದು ಅವನು ನಗುತ್ತಿದ್ದ ಕಾಲದ ಮಾತು. ಗಡಿಯಾರ ರಿಪೇರಿ ಅವನ ಕಸುಬು. ಬಲಗೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿದ. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಎಂಟು ತಿಂಗಳು ಸರಿಯಾಗಿ ಏಳಲೇ ಇಲ್ಲ. ಕೆಲಸದಿಂದ ಬಂದು ಬೀಗ ತೆಗೆಯುವ ಮೊದಲು ಪ್ರತಿದಿನ ಅವಳು ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಿದ್ದಳು. ಒಳಗೆ ಏನು ನೋಡಬೇಕಾಗುತ್ತದೋ ಎಂಬ ಹೆದರಿಕೆ. ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಿಲ್ಲ.

ಅವನನ್ನು ಎಬ್ಬಿಸಿದ್ದು ಮೀನು. ಅವನ ಅಂಗಡಿಯ ಪಕ್ಕದಲ್ಲೇ ಬಣ್ಣದ ಮೀನು ಮಾರುವವನು ಹಳೆಯ ಸ್ನೇಹಕ್ಕೆ ಒಂದು ಗಾಜಿನ ತೊಟ್ಟಿ, ಹನ್ನೆರಡು ಪಟ್ಟೆ ಮೀನು ತಂದಿಟ್ಟು ಹೋದ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಮೈಮೇಲೆ ನೀಲಿ ಗೆರೆ, ಒಂದು ಗಳಿಗೆ ನಿಂತಲ್ಲಿ ನಿಲ್ಲದ ಜಾತಿ. ಒಂದು ತಿರುಗಿದರೆ ಹನ್ನೆರಡೂ ತಿರುಗಬೇಕು. ಅವಕ್ಕೆ ಚಿಟಿಕೆ ಆಹಾರ ಹಾಕಲೆಂದು ಅವನು ಬೆಳಿಗ್ಗೆ ಎದ್ದ. ಎದ್ದವನು ಮುಖ ತೊಳೆದ, ಚಹಾ ಕೇಳಿದ. ಮರುದಿನವೂ ಎದ್ದ. ಬಿಸಿನೀರಕ್ಕ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಮೂರು ತಿಂಗಳಾದ ಮೇಲೆ ಅವನ ಅಕ್ಕ ಬಂದು ನಾಲ್ಕು ದಿನಕ್ಕೆಂದು ತಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. "ದಿನಕ್ಕೊಂದು ಚಿಟಿಕೆ ಹಾಕು ಸಾಕು. ಬೇರೇನೂ ಮುಟ್ಬೇಡ" ಎಂದು ಹೇಳಿಯೇ ಅವನು ಹೊರಟ.

ಮುಟ್ಟದೆ ಇರುವ ಹೆಂಗಸೇ ಅವಳು? ತೊಟ್ಟಿಯ ನೀರು ಸೋಸುವ ಯಂತ್ರದ ಸ್ಪಾಂಜಿನಲ್ಲಿ ಕಂದು ಲೋಳೆ ಕಂಡಿತು. ಇಂಥ ಕೊಳೆಯಿಂದ ಮೀನಿಗೆ ರೋಗ ಬಂದರೆ, ಮೀನು ಹೋದರೆ, ಅವನು ಮತ್ತೆ ಗೋಡೆಯ ಕಡೆ ತಿರುಗಿದರೆ? ಸ್ಪಾಂಜನ್ನು ಇಪ್ಪತ್ತು ನಿಮಿಷ ಕುದಿಸಿದಳು. ತಳದ ಕಲ್ಲುಗಳನ್ನೂ ಕುದಿಸಿದಳು. ಹಳೆಯ ನೀರು ಚೆಲ್ಲಿ ಹೊಸದು ತುಂಬಿದಳು. ತೊಟ್ಟಿ ಆಪರೇಷನ್ ಕೋಣೆಯ ಹಾಗೆ ಫಳಫಳ ಹೊಳೆಯಿತು.

ಮರುದಿನ ಸಂಜೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಮೂರು ಸತ್ತು ತಳದಲ್ಲಿ ಬಿದ್ದಿದ್ದವು. ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಮೀನು ಮಾರುವವನ ಅಂಗಡಿಗೆ ಓಡಿದಳು.

ಅವನು ಎಲ್ಲ ಕೇಳಿ ತಲೆ ಚಚ್ಚಿಕೊಂಡ. "ಮೀನಿನ ಹೊಲಸನ್ನ ತಿಂದು ನೀರು ಉಳಿಸೋ ಕ್ರಿಮಿಗಳು ಆ ಲೋಳೇಲೇ ಇರೋದಮ್ಮಾ. ಅವನ್ನ ಬೇಯಿಸಿ ಹಾಕಿದ್ದೀರಿ. ಈಗ ನೀರೇ ವಿಷ."

ಒಳ್ಳೆಯ ಕ್ರಿಮಿಯೂ ಇರುತ್ತದೆಂದು ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ.

"ಅದೇ ಥರದ್ದು ಹನ್ನೆರಡು ಕೊಟ್ಬಿಡಪ್ಪಾ. ನಮ್ಮನೆಯವರಿಗೆ ಗೊತ್ತಾಗೋದು ಬೇಡ."

"ಕೊಡಬಹುದು. ಆ ನೀರಿಗೆ ಬಿಟ್ರೆ ಅವೂ ಸಾಯ್ತವೆ."

ಅವನು ತನ್ನ ತೊಟ್ಟಿಯಿಂದ ಒಂದು ಹಳೆಯ ಸ್ಪಾಂಜು ತೆಗೆದು ಕವರಿಗೆ ಹಾಕಿಕೊಟ್ಟ. ಲೋಳೆ ತೊಟ್ಟಿಕ್ಕುತ್ತಿತ್ತು. "ಹೀಗೇ ಇಡಿ. ತೊಳೆಯೋ ಆಸೆ ಬಂದ್ರೆ ಕೈಕಟ್ಟಿ ಕೂತ್ಕೊಳ್ಳಿ. ನಲ್ಲಿ ನೀರಿನ ಕ್ಲೋರಿನ್ ಹೋಗೋ ಔಷಧಿ ಕೊಡ್ತೀನಿ, ದಿನಾ ಮೂರರಲ್ಲೊಂದು ಪಾಲು ನೀರು ತೆಗೆದು ಅದು ಬೆರೆಸಿದ ಹೊಸ ನೀರು ಹಾಕಿ."

ಆ ಗಬ್ಬನ್ನು ಬರಿಗೈಯಲ್ಲಿ ಹಿಡಿದು ತೊಟ್ಟಿಗೆ ಇಳಿಸುವಾಗ ಅವಳ ಮೈ ಜುಮ್ಮೆಂದಿತು. ಎರಡು ದಿನ ಕೆಲಸಕ್ಕೆ ರಜೆ ಹಾಕಿದಳು. ಬಕೆಟ್ಟು ಹೊತ್ತಳು, ಸುರಿದಳು, ಎಣಿಸಿದಳು. ಒಂಬತ್ತು ಇದ್ದದ್ದು ಏಳಾಯಿತು, ಏಳು ಐದಾಯಿತು. ಐದರಲ್ಲಿ ನಿಂತಿತು. ಆದರೆ ಆ ಐದೂ ಈಜುವುದನ್ನೇ ಮರೆತಿದ್ದವು. ಗುಂಪು ಒಡೆದ ಮೇಲೆ ಅವಕ್ಕೆ ನೆರಳು ಕಂಡರೂ ಹೆದರಿಕೆ. ಗಿಡದ ಹಿಂದೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅವಳೂ ಹಾಗೇ ಬಾಗಿಲ ಹಿಂದೆ ನಿಂತು ಗಂಡನ ದಾರಿ ಕಾದಳು.

ಅವನು ಬಂದ, ಚೀಲ ಕೂಡ ಇಳಿಸದೆ ತೊಟ್ಟಿಯ ಹತ್ತಿರ ಹೋದ.

"ನಾನೇ ಕುದಿಸಿದ್ದು ರೀ" ಎಂದಳು. "ಏಳು ಹೋದ್ವು." "ಮೀನಿನವನು ಹೇಳಿದ ಹಾಗೆ ದಿನಾ ನೀರು ಬದಲಾಯಿಸ್ತಿದ್ದೀನಿ."

ಅವನು ಬಗ್ಗಿ ನೋಡಿದ. ಆಮೇಲೆ ಹೋಗಿ ಮಂಚದ ಮೇಲೆ ಕುಳಿತು ಗೋಡೆಯ ಕಡೆ ನೋಡಿದ. ಅವಳು ಅಡುಗೆಮನೆಗೂ ಹೋಗಲಾರದೆ, ಅವನ ಬಳಿಗೂ ಹೋಗಲಾರದೆ ನಿಂತೇ ಇದ್ದಳು.

"ಇನ್ನೂ ಎಷ್ಟು ದಿನ ನೀರು ಬದಲಾಯಿಸ್ಬೇಕಂತೆ?" ಎಂದ, ಗೋಡೆಯಿಂದ ಕಣ್ಣು ತೆಗೆಯದೆ.

"ಹದಿನೈದು ದಿನ."

"ಸರಿ. ನಾಳೆ ಬೆಳಿಗ್ಗೆ ನನ್ನನ್ನ ಎಬ್ಬಿಸು" ಎಂದ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನಾನು ಏಳಲ್ಲ ಅಂದ್ರೂ ಬಿಡಬೇಡ."